ದಪ್ಪಣ್ಣನ ಹಲ್ಲುನೋವು

ಗುಳ್ಳೆ ಮೇಷ್ಟ್ರು ಒಂದು ದಿನವೂ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಚಿತ್ರಕಥೆಯಲ್ಲಿ ಪಾತ್ರದ ಬಾಯಿಂದ ಹೊರಡುವ ಮಾತಿನ ಸುತ್ತ ಬಲೂನಿನ ಹಾಗೆ ಒಂದು ಗೆರೆ ಎಳೆದಿರುತ್ತಾರಲ್ಲ, ಅದಕ್ಕೆ ಅಚ್ಚುಕೂಟದಲ್ಲಿ ಗುಳ್ಳೆ ಅನ್ನುತ್ತಿದ್ದರು. ಆ ಗುಳ್ಳೆಗಳನ್ನು ತುಂಬುವುದು ಇವರ ಕೆಲಸ. ದಪ್ಪ ಕನ್ನಡಕ, ಕಂಕುಳಲ್ಲಿ ಕಾಗದದ ಕಟ್ಟು, ಎದುರಿಗಿದ್ದವರು ಮಾತು ತಪ್ಪಿದರೆ ಅಲ್ಲೇ ತಿದ್ದುವ ಚಾಳಿ. ಇಷ್ಟೆಲ್ಲ ಇದ್ದ ಮೇಲೆ ‘ಮೇಷ್ಟ್ರು’ ಅನ್ನುವುದು ಕೊಸರಿಗೆ ಬಂತು.

ಕೆಲಸಕ್ಕೆ ಸೇರಿದಾಗ ಅವರು ಬರೀ ಕರಡು ತಿದ್ದುವವರು. ಅಚ್ಚುಕೂಟ ಇದ್ದದ್ದು ಒಂದು ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ದಿನವಿಡೀ ತಲೆಯ ಮೇಲೆ ಗಿರಾಕಿಗಳು ಹೊಸ ಬೂಟು ತೊಟ್ಟು ಆಚೆಗೊಂದಿಷ್ಟು, ಈಚೆಗೊಂದಿಷ್ಟು ನಡೆದು ನೋಡುತ್ತಿದ್ದರು. ಕೆಳಗೆ ಮೇಷ್ಟ್ರು ಮದುವೆಯ ಕಾಗದ, ರಸೀದಿ ಪುಸ್ತಕ, ಔಷಧಿಯ ಚೀಟಿಗಳಲ್ಲಿ ಬಿಟ್ಟುಹೋದ ಒತ್ತು, ದೀರ್ಘ ಹುಡುಕುತ್ತಿದ್ದರು. ಅದಕ್ಕೂ ಮೊದಲು ಅವರಿಗೆ ಕಥೆಗಾರನಾಗಬೇಕೆಂಬ ಹುಚ್ಚು ಇತ್ತು. ವಾರಪತ್ರಿಕೆಗಳಿಗೆ ಕಳಿಸಿದ ಕಥೆಗಳೆಲ್ಲ ಕಳಿಸಿದಷ್ಟೇ ಮಡಿಯಾಗಿ ವಾಪಸು ಬಂದಿದ್ದವು. ಯಾರೋ ಬಿಚ್ಚಿ ಓದಿದ ಗುರುತೂ ಇರುತ್ತಿರಲಿಲ್ಲ.

ಹೀಗಿರುವಾಗ ಅಚ್ಚುಕೂಟದ ಯಜಮಾನರು, ಬಾಗಿಲು ಹಾಕಿದ ಯಾವುದೋ ದೊಡ್ಡ ಮುದ್ರಣಾಲಯದ ಹರಾಜಿಗೆ ಹೋದರು. ಕಾಗದ ಕತ್ತರಿಸುವ ಯಂತ್ರ ಕೊಳ್ಳಲು ಹೋದವರು, ಅದು ಕೈಗೆಟುಕದೆ, ಬರಿಗೈಯಲ್ಲಿ ಹೇಗೆ ಬರುವುದು ಅಂತ ಎರಡು ತಗಡಿನ ಪೆಟ್ಟಿಗೆ ಹೊತ್ತು ತಂದರು. ಒಳಗೆ ಯಾವುದೋ ಪರದೇಶದ ಚಿತ್ರಕಥೆಯನ್ನು ಅಚ್ಚಿಗಿಳಿಸುವ ಫಿಲ್ಮು ಹಾಳೆಗಳು. ಗುಳ್ಳೆಗಳ ತುಂಬ ಇರುವೆ ಸಾಲಿಟ್ಟಂಥ ಅಕ್ಷರ.

“ಇದು ಯಾವ ಭಾಷೆ ಯಜಮಾನ್ರೇ?” ಅಂದರು ಮೇಷ್ಟ್ರು.

“ಯಾರಿಗ್ಗೊತ್ತು? ಮಾರಿದವನಿಗೂ ಗೊತ್ತಿರಲಿಲ್ಲ.”

“ಮತ್ತೆ ಅನುವಾದ ಮಾಡೋದು ಹೇಗೆ?”

“ಅನುವಾದ ಮಾಡು ಅಂತ ಯಾರು ಹೇಳಿದ್ರು? ಚಿತ್ರ ಇದೆ. ಇವನು ಬಾಯಿ ಬಿಟ್ಟಿದ್ದಾನೆ, ಏನೋ ಹೇಳ್ತಿದ್ದಾನೆ. ಏನು ಹೇಳ್ತಿದ್ದಾನೆ ಅಂತ ನೀನು ಬರಿ. ಕಥೆ ಬರೀತೀನಿ, ಕಥೆ ಬರೀತೀನಿ ಅಂತ ಕುಣೀತಿದ್ದೆಯಲ್ಲ.”

“ಹಕ್ಕು ಅಂತ ಒಂದಿರುತ್ತಲ್ಲ...”

“ಪೆಟ್ಟಿಗೆ ಬಂದಿದೆ, ಪೆಟ್ಟಿಗೆ ಜೊತೆ ಬೀಗ ಬಂದಿದೆ, ಬೀಗದ ಕೈಯೂ ಬಂದಿದೆ. ಹಕ್ಕು ಅಂದ್ರೆ ಇನ್ನೇನಪ್ಪ?”

ಮೇಷ್ಟ್ರು ಹಾಳೆಗಳನ್ನು ಮನೆಗೆ ತಂದರು. ಮನೆ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆರೆದರೆ ರಬ್ಬರು ಸುಟ್ಟ ವಾಸನೆ. ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಊರಿನ ಜಗಳ, ವ್ಯಾಪಾರ, ಹೆರಿಗೆ, ಸಾವು ಎಲ್ಲವನ್ನೂ ಈ ತೂತಿನಿಂದ ಆ ತೂತಿಗೆ ದಾಟಿಸಿ, ಸಂಜೆ ಕಿವಿ ಉಜ್ಜಿಕೊಳ್ಳುತ್ತ ಮನೆಗೆ ಬರುವವಳು. ರಜೆಯ ಮಧ್ಯಾಹ್ನ ಇಬ್ಬರೂ ಕಿಟಕಿಯ ಬಳಿ ಕೂತು ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಚಿತ್ರದಲ್ಲೆಲ್ಲ ಒಬ್ಬ ಭಾರೀ ಗಾತ್ರದ ಲಾರಿ ಡ್ರೈವರು, ಪೊದೆ ಮೀಸೆ, ಮಗುವಿನಂಥ ಕಣ್ಣು. ಪಕ್ಕದ ಸೀಟಿನಲ್ಲಿ ಯಾವಾಗಲೂ ಒಬ್ಬಳು ಸಣಕಲು ಹೆಂಗಸು, ತಲೆಗೆ ಚುಕ್ಕೆ ಚುಕ್ಕೆಯ ಬಟ್ಟೆ ಕಟ್ಟಿದವಳು.

“ಗಂಡ ಹೆಂಡ್ತಿ ಅನ್ಸುತ್ತೆ,” ಅಂದರು ಮೇಷ್ಟ್ರು.

“ಅಲ್ಲಾರೀ. ಅಣ್ಣ ತಂಗಿ. ನೋಡಿ, ಅವನ ತಟ್ಟೆಯಿಂದ ಎತ್ಕೊಂಡು ತಿಂತಿದ್ದಾಳೆ, ಅವನು ತಿರುಗೀನೂ ನೋಡ್ತಿಲ್ಲ. ಯಾವ ಗಂಡ ಸುಮ್ಮನಿರ್ತಾನೆ?”

“ನೀನು ನನ್ನ ತಟ್ಟೆಗೆ ಕೈ ಹಾಕಲ್ವಾ?”

“ನೀವು ಸುಮ್ಮನಿರ್ತೀರಾ?”

ಹೀಗೆ ಆ ಇಬ್ಬರೂ ಅಣ್ಣ ತಂಗಿ ಆದರು. ಅಣ್ಣನಿಗೆ ದಪ್ಪಣ್ಣ ಅಂತಲೂ ತಂಗಿಗೆ ಕಡ್ಡಿ ಅಂತಲೂ ಹೆಸರಾಯಿತು.

ಹಳೆಯ ಅಕ್ಷರ ಅಳಿಸಿ ಹೊಸ ಅಕ್ಷರ ಬರೆಯಲು ಒಬ್ಬ ತರುಣ ಇದ್ದ. ಚಿತ್ರಕಲೆ ಕಲಿತು ಬಂದವನು. ಆದರೆ ದಿನವೆಲ್ಲ ಗುಳ್ಳೆಗಳಿಗೆ ಬಿಳಿ ಬಣ್ಣ ಹಚ್ಚುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ‘ಸುಣ್ಣ’ ಆಗಿಹೋದ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ಕೊಂಬು. ಪರದೇಶದ ಗುಳ್ಳೆಯಲ್ಲಿ ಅದಕ್ಕೆ ಕಾಲು ಚಾಚಲು ಜಾಗ ಸಾಲದು. ಮೇಷ್ಟ್ರು ಉದ್ದ ಬರೆದರೆ ಸುಣ್ಣ ಗೊಣಗುತ್ತಿದ್ದ, “ಮೇಷ್ಟ್ರೇ, ಇದು ಗುಳ್ಳೆ, ಛತ್ರ ಅಲ್ಲ.” ಮೇಷ್ಟ್ರು ಚುಟುಕಾಗಿ ಬರೆಯಲು ಕಲಿತರು. ಕಡ್ಡಿಯ ಮಾತಂತೂ ನೇರ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಯಾರೋ ಅಕ್ಕ ಯಾರೋ ತಮ್ಮನಿಗೆ ತಂತಿಯಲ್ಲಿ ಬೈದದ್ದನ್ನು ಹೆಂಡತಿ ಮನೆಗೆ ತಂದು ಒಪ್ಪಿಸುವಳು: “ನಿನ್ನ ತಲೇಲಿರೋದು ಮಿದುಳೋ, ನೆನೆಸಿಟ್ಟ ಹತ್ತಿಯೋ?” ಮುಂದಿನ ಸಂಚಿಕೆಯಲ್ಲಿ ಕಡ್ಡಿ ಅದನ್ನೇ ದಪ್ಪಣ್ಣನ ಮುಖಕ್ಕೆ ಎಸೆಯುವಳು.

ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಕ್ಷೌರದ ಅಂಗಡಿಗಳಲ್ಲಿ ಕೂದಲು ಮೆತ್ತಿದ ದಪ್ಪಣ್ಣ, ಬಸ್ಸಿನ ಸೀಟಿನ ಕೆಳಗೆ ದಪ್ಪಣ್ಣ, ಪಾಠದ ಪುಸ್ತಕದ ಹೊಟ್ಟೆಯೊಳಗೆ ದಪ್ಪಣ್ಣ. ಬೀದಿಯಲ್ಲಿ ಹೆಂಗಸರು ಕಡ್ಡಿಯ ಬೈಗುಳಗಳನ್ನು ತಮ್ಮ ಗಂಡಂದಿರ ಮೇಲೆ ಪ್ರಯೋಗಿಸುವುದನ್ನು ಮೇಷ್ಟ್ರು ಕಿವಿಯಾರೆ ಕೇಳಿದರು. ಅಂಥ ದಿನ ಅವರು ಒಂದು ಬೀದಿ ಸುತ್ತು ಹಾಕಿಕೊಂಡೇ ಮನೆಗೆ ಹೋಗುತ್ತಿದ್ದರು. ಅವರ ಹೆಸರು ಮಾತ್ರ ಪುಸ್ತಕದ ಮೇಲೆ ಬರಲಿಲ್ಲ. ಕೇಳಿದ್ದಕ್ಕೆ ಯಜಮಾನರು, “ನಿನ್ನ ಹೆಸರು ಹಾಕಿದ್ರೆ, ಚಿತ್ರ ಬರೆದವನ ಹೆಸರು ಎಲ್ಲಿ ಅಂತ ನಾಳೆ ಕೇಳ್ತಾರೆ. ಮಲಗಿರೋ ನಾಯಿನ ಯಾಕೆ ಎಬ್ಬಿಸ್ತೀಯ?” ಅಂದರು. ಅದೂ ಸರಿಯೇ ಅನ್ನಿಸಿ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು.

ಮೊದಲ ಪೆಟ್ಟಿಗೆ ಮುಗಿದು ಎರಡನೆಯದನ್ನು ತೆರೆದಾಗ ಕಡ್ಡಿ ಇರಲಿಲ್ಲ.

ಅದರ ಮೊದಲ ಹಾಳೆಯಲ್ಲಿ ಬೋರ್ಡು ಹೊತ್ತ ಒಂದು ದೊಡ್ಡ ಕಟ್ಟಡ. ಬಿಳಿ ಕೋಟಿನವನೊಬ್ಬ ಏನೋ ಹೇಳುತ್ತಿದ್ದಾನೆ. ದಪ್ಪಣ್ಣ ಬೆಂಚಿನ ಮೇಲೆ ಕೂತು ಎರಡೂ ಅಂಗೈಯಲ್ಲಿ ಮುಖ ಹಿಡಿದುಕೊಂಡಿದ್ದಾನೆ. ಅವನ ಗುಳ್ಳೆಯಲ್ಲಿ ಒಂದೇ ಒಂದು ಚಿಕ್ಕ ಪದ. ಮುಂದಿನ ಹಾಳೆಗಳಲ್ಲಿ ಲಾರಿ ಓಡಿಸುವಾಗಲೂ ಅದೇ ಪದ, ಊಟಕ್ಕೆ ಕೂತಾಗಲೂ ಅದೇ ಪದ. ಪಕ್ಕದ ಸೀಟಿನ ಮೇಲೆ ಚುಕ್ಕೆಯ ಬಟ್ಟೆ ಮಾತ್ರ ಬಿದ್ದಿದೆ.

ಹೆಂಡತಿ ಬಹಳ ಹೊತ್ತು ನೋಡಿದಳು. “ಅಳ್ತಿದ್ದಾನೆ ರೀ.”

“ದಪ್ಪಣ್ಣನಾ? ಅಳೋದಾ?”

“ಭುಜ ನೋಡಿ. ಅಳ್ದೇ ಇರೋರ ಭುಜ ಹಾಗಿರಲ್ಲ.”

ಮೇಷ್ಟ್ರಿಗೂ ಅನುಮಾನವಾಗಿತ್ತು. ಮಾರನೆಯ ದಿನ ಯಜಮಾನರ ಮುಂದೆ ಹಾಳೆ ಹರಡಿ, ಇಲ್ಲಿಂದ ಕಥೆ ಬೇರೆ ಹಾದಿ ಹಿಡಿಯೋ ಹಾಗಿದೆ ಅಂದರು. ಯಜಮಾನರು ಚಿತ್ರದ ಮೇಲೆ ಕಣ್ಣೂ ಹಾಯಿಸಲಿಲ್ಲ. “ಅಳೋದಕ್ಕೆ ಜನಕ್ಕೆ ಮನೇಲೇ ಬೇಕಾದಷ್ಟಿದೆ. ಪುಸ್ತಕ ಕೊಂಡು ಅಳ್ತಾರಾ? ನಗಿಸು.”

ಮೇಷ್ಟ್ರು ನಗಿಸಿದರು. ದೊಡ್ಡ ಕಟ್ಟಡ ಹೋಟೆಲಾಯಿತು. ಬಿಳಿ ಕೋಟಿನವನು ಅಡಿಗೆಯವನಾದ. ಅವನು ಸುಟ್ಟ ಕಲ್ಲಿನಂಥ ರೊಟ್ಟಿ ಕಚ್ಚಿ ದಪ್ಪಣ್ಣನ ದವಡೆ ಹಲ್ಲು ಅಲ್ಲಾಡಿತು. ಆ ಚಿಕ್ಕ ಪದವಿದ್ದಲ್ಲೆಲ್ಲ ಸುಣ್ಣ ದಪ್ಪ ಅಕ್ಷರದಲ್ಲಿ ಬರೆದ: “ಹಲ್ಲು!” ಕಡ್ಡಿ ದೂರದೂರಿಗೆ ಮದುವೆಯಾಗಿ, ಹೊರಡುವ ಗಡಿಬಿಡಿಯಲ್ಲಿ ತಲೆಬಟ್ಟೆ ಮರೆತು ಹೋಗಿದ್ದಳು. ದಪ್ಪಣ್ಣ ಆ ಬಟ್ಟೆಯನ್ನು ದವಡೆಗೆ ಒತ್ತಿಕೊಂಡ ಚಿತ್ರವೊಂದಿತ್ತು, ಅಲ್ಲಿ ಅವನು, “ಬಿಸಿ ಕಾವು ಕೊಡೋಕಾದ್ರೂ ಬಂತು!” ಅಂದ.

ಆ ಭಾಗ ಖರ್ಚಾದ ಹಾಗೆ ಬೇರೆ ಯಾವುದೂ ಖರ್ಚಾಗಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲ್ಲಿನ ಡಾಕ್ಟರೊಬ್ಬರು ತಮ್ಮ ರೋಗಿಗಳು ಕಾಯುವ ಕೋಣೆಗೆ ಪ್ರತಿ ಸಂಚಿಕೆಯನ್ನೂ ತರಿಸಿಕೊಂಡರು. ಅಚ್ಚಾದ ಪುಸ್ತಕವನ್ನು ಮೇಷ್ಟ್ರು ಹೆಂಡತಿಯ ಕೈಗಿಟ್ಟು, ಅವಳ ಮುಖವನ್ನೇ ನೋಡುತ್ತ ಕೂತರು. ಅವಳೂ ನಕ್ಕಳು. ಮೇಷ್ಟ್ರನ್ನು ಮೆಚ್ಚಿಸಲಿಕ್ಕಲ್ಲ, ತಡೆಯಲಾರದೆ ನಕ್ಕಳು. ಅಲ್ಲಿಗೆ ಅವರ ಮನಸ್ಸು ಹಗುರವಾಯಿತು.

ಪೆಟ್ಟಿಗೆಯ ತಳ ಕಂಡ ದಿನ ಯಜಮಾನರು ಇಬ್ಬರನ್ನೂ ಕರೆಸಿದರು. “ಇನ್ನು ಮುಂದೆ ನಮ್ಮದೇ ದಪ್ಪಣ್ಣ. ಮೇಷ್ಟ್ರು ಕಥೆ ಹೇಳಲಿ, ಸುಣ್ಣ ಚಿತ್ರ ಬರೀಲಿ. ನಿಮ್ಮಿಬ್ಬರ ಹೆಸರೂ ಹಾಕ್ತೀನಿ, ಆಯ್ತಾ?”

ಸುಣ್ಣ ಅವತ್ತು ಕುಣಿದಾಡಿಬಿಟ್ಟ. ಇಷ್ಟು ವರ್ಷ ಇನ್ನೊಬ್ಬನ ಚಿತ್ರದ ಮೇಲೆ ಬಿಳಿ ಬಳಿದವನು. ಹೊಸ ಕುಂಚ ತಂದ, ಮೇಜನ್ನು ದೀಪದಡಿಗೆ ಎಳೆದುಕೊಂಡ, ಕಾಗದಕ್ಕೆ ಗುಂಡುಪಿನ್ನು ಚುಚ್ಚಿ ಕೂತ. “ಹೇಳಿ ಮೇಷ್ಟ್ರೇ. ಮೊದಲ ಚೌಕ. ಏನು ಬರೀಲಿ?”

ಮೇಷ್ಟ್ರು ಬಾಯಿ ತೆರೆದರು. ಏನೂ ಬರಲಿಲ್ಲ.

“ಲಾರಿ ಬರೀಲಾ?”

“ಬರಿ.”

“ಲಾರಿ ಎಲ್ಲಿಗೆ ಹೋಗ್ತಿದೆ?”

“ನೀನು ಬರಿ. ಆಮೇಲೆ ನೋಡೋಣ.”

“ನಾನು ಬರೆಯೋಕೆ ಅದು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಾಗ್ಬೇಕಲ್ಲ!”

ದಿನಗಳು ಹೀಗೆ ಹೋದವು. ಮೇಷ್ಟ್ರು ಹಾಗೂ ಹೀಗೂ ಒಂದು ಕಥೆ ಹೆಣೆದರು. ದಪ್ಪಣ್ಣ ಸಿಟ್ಟಾಗಿದ್ದಾನೆ ಅಂದರೆ ಸುಣ್ಣ ಸಿಟ್ಟಿನ ಮುಖ ಬರೆದ. ಸಿಟ್ಟನ್ನು ಬಿಟ್ಟರೆ ಆ ಮುಖದಲ್ಲಿ ಇನ್ನೇನೂ ಇರಲಿಲ್ಲ. ಪರದೇಶದವನ ಚಿತ್ರದಲ್ಲಿ ಒಂದು ಮುಖ ನೋಡಿದರೆ ಹತ್ತು ಮಾತು ಹೊಳೆಯುತ್ತಿತ್ತು. ಇಲ್ಲಿ ತಾವೇ ಹೇಳಿ ಬರೆಸಿದ ಮುಖದ ಎದುರು ಮೇಷ್ಟ್ರಿಗೆ ಹೇಳುವುದೇನೂ ಉಳಿಯುತ್ತಿರಲಿಲ್ಲ. ಗುಳ್ಳೆಗಳು ಸಪ್ಪೆಯಾದವು. ಹೆಂಡತಿ ಓದಿ, “ಚೆನ್ನಾಗಿದೆ,” ಅಂದಳು. ಆ ‘ಚೆನ್ನಾಗಿದೆ’ಯನ್ನು ಮೇಷ್ಟ್ರು ತಿದ್ದಲು ಹೋಗಲಿಲ್ಲ.

ಹೊರಗೆ ಹೋದ ಪುಸ್ತಕ ಹೋದ ಹಾಗೇ ತಿರುಗಿ ಬಂತು. ಇನ್ನೊಂದು ಸಂಚಿಕೆ ಮಾಡಿದರು, ಅದೂ ಬಂತು. ಯಜಮಾನರು ಹಳೆಯ ಫಿಲ್ಮುಗಳನ್ನೇ ಹಿಂದುಮುಂದು ಜೋಡಿಸಿ ಬೇರೆ ಮಾತು ತುಂಬಿಸಿದರು. ಓದುವವರು ಅದನ್ನೂ ಕಂಡುಹಿಡಿದರು. ಸುಣ್ಣ ಒಂದು ದಿನ ಕುಂಚಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ. ಅಂಗಡಿಗಳ ಬೋರ್ಡು ಬರೆಯುವ ಕೆಲಸ ಸಿಕ್ಕಿತ್ತು.

“ಮೇಷ್ಟ್ರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಅಂದ. “ನನಗೆ ಬರೆಯೋಕೆ ಬರುತ್ತೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ನಿಮಗೂ ಬರುತ್ತೆ ಅಂತ ಅಂದ್ಕೊಂಡಿದ್ದೆ. ಇಬ್ಬರೂ ಆ ಪರದೇಶದವನ ಎಂಜಲು ತಿಂದು ಬದುಕಿದ್ವಿ, ಅಷ್ಟೇ.”

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳಲು ಅದರಲ್ಲಿ ಸುಳ್ಳೇನಾದರೂ ಇರಬೇಕಲ್ಲ.

ಯಜಮಾನರು ತೀರಿಕೊಂಡ ಮೇಲೆ ಅವರ ಮಗ ಯಂತ್ರಗಳನ್ನು ಮಾರಿ ನೆಲಮಾಳಿಗೆಯನ್ನು ಚಪ್ಪಲಿ ಅಂಗಡಿಗೇ ಕೊಟ್ಟ. ಅತ್ತ ಎಕ್ಸ್‌ಚೇಂಜಿಗೆ ತಾನೇ ತಾನಾಗಿ ತಂತಿ ಜೋಡಿಸುವ ಯಂತ್ರ ಬಂದು ಆಪರೇಟರುಗಳ ಸಾಲು ಖಾಲಿಯಾಯಿತು. ಹೆಂಡತಿ ಮನೆಯಲ್ಲೇ ಹೊಲಿಗೆ ಶುರುಮಾಡಿದಳು. ಮೇಷ್ಟ್ರು ಸಿಕ್ಕಿದ್ದನ್ನು ಬರೆದರು: ಪದಬಂಧ, ಸೋಪಿನ ಜಾಹೀರಾತು, ಡೈರಿಯ ಪುಟದಡಿ ಹಾಕುವ ಹಿತವಚನ. ತಲೆ ನೆರೆಯಿತು. ದಪ್ಪಣ್ಣನನ್ನು ನೆನೆಯುವವರು ಆಗೊಬ್ಬ ಈಗೊಬ್ಬ ಸಿಗುತ್ತಿದ್ದರು. ಬರೆದವನು ನಾನೇ ಅಂದರೆ ನಂಬುತ್ತಿರಲಿಲ್ಲ.

ಆಗ ಬಂದವಳು ಆ ಅನುವಾದಕಿ. ಚಿಕ್ಕ ವಯಸ್ಸು, ಚುರುಕು ಮಾತು. ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬಂದವಳೇ, “ಗುಳ್ಳೆ ಮೇಷ್ಟ್ರು ನೀವೇನಾ?” ಅಂತ ಬಾಗಿಲಲ್ಲೇ ಕಣ್ಣರಳಿಸಿ ನಿಂತಳು. ದೊಡ್ಡ ಪ್ರಕಾಶನದವರು ಆ ಚಿತ್ರಕಥೆಯ ಹಕ್ಕನ್ನು ನೆಟ್ಟಗೆ ಕೊಂಡಿದ್ದರಂತೆ. ಮೂಲದಿಂದ ಅನುವಾದ ಮಾಡುವವಳು ಇವಳು.

“ನಿಮಗೆ ಆ ಭಾಷೆ ಬರುತ್ತಾ ತಾಯಿ?” ಮೇಷ್ಟ್ರ ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು.

“ನೀವು ಕಲಿಸಿದ್ದು ಮೇಷ್ಟ್ರೇ! ನೀವು ಗುಳ್ಳೆ ಅಳಿಸಿದ್ರಿ, ಆದ್ರೆ ಚಿತ್ರದ ಹಿಂದಿನ ಬೋರ್ಡುಗಳನ್ನ ಹಾಗೇ ಬಿಟ್ಟಿದ್ರಿ. ಚಿಕ್ಕೋಳಿದ್ದಾಗ ಅದರಲ್ಲಿ ಏನು ಬರೆದಿದೆ ಅನ್ನೋದೇ ನನಗೆ ಹುಚ್ಚು. ದೊಡ್ಡೋಳಾದ ಮೇಲೆ ಹೋಗಿ ಕಲಿತೆ.”

“ಏನು ಬರೆದಿತ್ತು?”

ಅವಳು ನಗುತ್ತ ಹೇಳಲು ಹೊರಟವಳು ಮೇಷ್ಟ್ರ ಮುಖ ನೋಡಿ ತಡೆದಳು. ಹೆಂಡತಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಕೊಟ್ಟು ನಿಲ್ಲಿಸಿ, “ಹೇಳಮ್ಮ,” ಅಂದಳು.

“ಒಂದೊಂದು ಒಂದೊಂದು ಥರ. ಬೇಕರಿ, ಪೋಸ್ಟಾಫೀಸು... ನೀವು ಹೋಟೆಲು ಅಂತ ಮಾಡಿದ್ರಲ್ಲ, ಆ ಕಟ್ಟಡದ ಮೇಲೆ ಆಸ್ಪತ್ರೆ ಅಂತಿದೆ.”

ಮಿಕ್ಕದ್ದನ್ನು ಅವಳು ಮೆಲ್ಲಗೆ ಹೇಳಿದಳು. ಆ ಸಣಕಲು ಹೆಂಗಸು ಅವನ ಹೆಂಡತಿ. ಆ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾಳೆ. ಚಿತ್ರ ಬರೆದವರ ಸ್ವಂತ ಹೆಂಡತಿ ಹಾಗೇ ತೀರಿಕೊಂಡಿದ್ದರಂತೆ, ಆಮೇಲೆ ಬರೆದ ಭಾಗ ಅದು. ಗುಳ್ಳೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಚಿಕ್ಕ ಪದ ಆಕೆಯ ಹೆಸರು. ದಾರಿಯುದ್ದಕ್ಕೂ ಅವನು ಅವಳನ್ನು ಕರೆಯುತ್ತಿದ್ದಾನೆ, ಅಷ್ಟೇ.

“ಆದ್ರೂ ಮೇಷ್ಟ್ರೇ, ಆ ಹಲ್ಲುನೋವು ಓದಿ ನಾನು ಎಷ್ಟು ನಕ್ಕಿದ್ದೀನಿ ಅಂತ!” ಅಂದಳು ಅವಳು ಸಮಾಧಾನಕ್ಕೆ. ಅದು ಸಮಾಧಾನವಾಗಲಿಲ್ಲ.

ಅವಳು ಹೋದ ಮೇಲೆ ಮೇಷ್ಟ್ರು ಹಳೆಯ ಸಂಚಿಕೆ ತೆಗೆದು ಬೆಂಚಿನ ಚಿತ್ರ ನೋಡುತ್ತ ಕೂತರು. ಸಂಜೆಯವರೆಗೂ ಪುಟ ತಿರುವಲಿಲ್ಲ. “ನೀನು ಅವತ್ತೇ ಹೇಳಿದ್ದೆ,” ಅಂದರು ಕೊನೆಗೆ.

“ನಾನೂ ನಕ್ಕಿದ್ದೆನಲ್ಲ,” ಅಂದಳು ಹೆಂಡತಿ. “ಮಕ್ಕಳಾಟ ರೀ ಅದು. ಯಾರ ಗಂಟು ಹೋಯ್ತು ಅದರಿಂದ?”

ಮೇಷ್ಟ್ರು ಮತ್ತೆ ಬೆಂಚಿನ ಚಿತ್ರದತ್ತ ತಿರುಗಿದರು. ಆ ಮನುಷ್ಯ ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದಾಗ ಅವನ ಬಾಯಿ ಮುಚ್ಚಿ ‘ಹಲ್ಲು’ ಅನ್ನಿಸಿದವರು ತಾವು. ಊರಿಗೆ ಊರೇ ನಕ್ಕಿತು. ತಮ್ಮ ಬದುಕಿನಲ್ಲಿ ಹೆಮ್ಮೆಪಡುವ ಕೆಲಸ ಅಂತ ಇದ್ದದ್ದು ಅದೊಂದೇ.

ಅನುವಾದಕಿಯ ಮಾತು ಗುಳ್ಳೆಗೆ ಹಿಡಿಸುತ್ತಿರಲಿಲ್ಲ, ಉದ್ದವಾಗುತ್ತಿತ್ತು. ಅದನ್ನು ಚುಟುಕು ಮಾಡಿಕೊಡಲು ಪ್ರಕಾಶನದವರು ಮೇಷ್ಟ್ರನ್ನು ಕರೆದರು. ಮೇಷ್ಟ್ರು ಒಪ್ಪಿಕೊಂಡರು. ಮೊದಲ ಭಾಗದ ಹಾಳೆಗಳ ಮೇಲೆ ಮತ್ತೆ ಕೂತು, ತಾವು ಬರೆದದ್ದೊಂದನ್ನೂ ಉಳಿಸದೆ, ಮೂಲದ ಮಾತನ್ನು ಕೂರಿಸಿದರು. ಕೂರಿಸುತ್ತ ಕೂರಿಸುತ್ತ ಗೊತ್ತಾಯಿತು, ಅದು ತಮ್ಮದಕ್ಕಿಂತ ಚೆನ್ನಾಗಿತ್ತು. ಗಂಡ ಹೆಂಡತಿ ಜಗಳವಾಡುತ್ತಲೇ ಇರಲಿಲ್ಲ. ತಾವು ಬೈಗುಳ ತುಂಬಿದ್ದ ಕಡೆ ಅವಳು, “ಚಳಿ ಆಗ್ತಿದೆ, ಗಾಜು ಏರಿಸು,” ಅನ್ನುತ್ತಿದ್ದಳು. ಅವನು, “ಹೂಂ,” ಅನ್ನುತ್ತಿದ್ದ.

ಪುಸ್ತಕದ ಬಿಡುಗಡೆಗೆ ಚಿತ್ರ ಬರೆದವರನ್ನೇ ಪರದೇಶದಿಂದ ಕರೆಸಿದ್ದರು. ಗ್ರಂಥಾಲಯದ ಸಭಾಂಗಣ, ಅರ್ಧ ಖಾಲಿ ಕುರ್ಚಿಗಳು. ಮೇಷ್ಟ್ರು ಮತ್ತು ಹೆಂಡತಿ ಕೊನೆಯ ಸಾಲಿನಲ್ಲಿ ಕೂತರು. ಬಂದವರು ದಪ್ಪಣ್ಣನಂತಿರಲಿಲ್ಲ, ಒಣಕಲು ಮುದುಕ, ದೊಡ್ಡ ಕಿವಿ. ಭಾಷಣಗಳು ಮುಗಿದ ಮೇಲೆ ಅನುವಾದಕಿ ಅವರನ್ನು ಕೈಹಿಡಿದು ಮೇಷ್ಟ್ರ ಬಳಿ ಕರೆತಂದಳು. ಕ್ಷಮೆ ಕೇಳಬೇಕು ಅಂತ ಮೇಷ್ಟ್ರು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದರು. ಎದುರಿಗೆ ನಿಂತಾಗ ಕೈಮುಗಿದರು, ಅಷ್ಟೇ.

ಮುದುಕರೇ ಮೊದಲು ಏನೋ ಕೇಳಿದರು.

“ನಿಮ್ಮ ಪುಸ್ತಕದಲ್ಲಿ, ಆ ಆಸ್ಪತ್ರೆ ಬೆಂಚಿನ ಮೇಲೆ ಅವನು ಏನಂತಾನೆ ಅಂತ ಕೇಳ್ತಿದ್ದಾರೆ,” ಅಂದಳು ಅನುವಾದಕಿ. ಅವಳ ಮುಖ ಬಾಡಿತ್ತು. “ಬೇರೆ ಏನಾದ್ರೂ ಹೇಳ್ಲಾ ಮೇಷ್ಟ್ರೇ?”

“ಬೇಡಮ್ಮ. ಇದ್ದದ್ದು ಇದ್ದ ಹಾಗೇ ಹೇಳು. ಹಲ್ಲುನೋವು ಅಂತಾನೆ.”

ಅವಳು ಹೇಳಿದಳು. ಮುದುಕರು ನೆಲ ನೋಡಿದರು. ಆಮೇಲೆ ತಲೆಯೆತ್ತಿ ಮೇಷ್ಟ್ರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು. ದನಿ ಏರಲಿಲ್ಲ, ಇಳಿಯಲೂ ಇಲ್ಲ. ನಡುವೆ ಒಮ್ಮೆ ತಮ್ಮ ದವಡೆ ಮುಟ್ಟಿಕೊಂಡರು. ಬಹಳ ಹೊತ್ತು ಮಾತಾಡಿದರು. ಜೀವನವಿಡೀ ಈ ಮನುಷ್ಯ ಬರೆದ ಮುಖಗಳನ್ನು ಓದಿದ್ದ ಮೇಷ್ಟ್ರು ಈಗ ಈ ಮುಖವನ್ನೂ ಓದಲು ಹೆಣಗಿದರು. ಸಿಟ್ಟೋ, ಸಂಕಟವೋ, ಬರೀ ಸುಸ್ತೋ, ಒಂದೂ ತಿಳಿಯಲಿಲ್ಲ.

ಅನುವಾದಕಿ ಮೇಷ್ಟ್ರತ್ತ ತಿರುಗಿದಳು. “ಪರವಾಗಿಲ್ಲ ಅಂತಾರೆ. ಜನ ನಕ್ಕಿದ್ದು ಸಂತೋಷ ಅಂತಾರೆ.”

ಮುದುಕರು ಕೈಕುಲುಕಿ ಹೊರಟುಹೋದರು. ಮನೆಗೆ ಹೋಗುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು, “ಅಷ್ಟು ಹೊತ್ತು ಮಾತಾಡಿದ್ದಕ್ಕೆ ಅರ್ಥ ಎರಡೇ ಮಾತಾ?”

“ಅವರ ಭಾಷೆ ಹಾಗಿರಬಹುದು.”

“ನಾನು ಇಪ್ಪತ್ತು ವರ್ಷ ಜನರ ದನಿ ಕೇಳಿದೋಳು ರೀ. ಪರವಾಗಿಲ್ಲ ಅನ್ನೋ ದನಿ ಅಲ್ಲ ಅದು.” ಅಷ್ಟು ಹೇಳಿ, ಹೇಳಬಾರದಿತ್ತು ಅನ್ನಿಸಿರಬೇಕು, ಅವರ ಕೈ ಮೇಲೆ ಕೈ ಇಟ್ಟು ಕಿಟಕಿಯಾಚೆ ನೋಡಿದಳು. ಮುಂದೆ ಒಮ್ಮೆ ಮೇಷ್ಟ್ರು ಅನುವಾದಕಿಯನ್ನು ನೇರವಾಗಿ ಕೇಳಿಯೂ ಕೇಳಿದರು. ಅವಳು, “ಅಯ್ಯೋ, ಈಗ ಸರಿಯಾಗಿ ನೆನಪಿಲ್ಲ ಮೇಷ್ಟ್ರೇ,” ಅಂದಳು. ಮರುವರ್ಷ ಆ ಮುದುಕರು ತೀರಿಕೊಂಡ ಸುದ್ದಿ ಬಂತು.

ಒಂದು ಆಸೆ ಮಾತ್ರ ಉಳಿದಿತ್ತು. ಎರಡನೇ ಭಾಗ ಬಂದರೆ ದಪ್ಪಣ್ಣ ತನ್ನ ಬಾಯಿಂದ ತಾನೇ ಅತ್ತಂತಾಗುತ್ತದೆ. ತಾವು ಕಟ್ಟಿದ ಬಾಯನ್ನು ತಾವೇ ಬಿಚ್ಚಿದಂತಾಗುತ್ತದೆ. ಆದರೆ ಮೊದಲ ಭಾಗವೇ ಗೋದಾಮು ಬಿಟ್ಟು ಹೊರಡಲಿಲ್ಲ. ಹಳಬರು ಕೊಂಡು ಓದಿ, ಇವನು ನಮ್ಮ ದಪ್ಪಣ್ಣನೇ ಅಲ್ಲ, ಕಡ್ಡಿಯನ್ನು ಹೆಂಡತಿ ಮಾಡಿ ಕೆಡಿಸಿದ್ದೀರಿ ಅಂತ ಬೈದರು. ಮಕ್ಕಳು ಮುಟ್ಟಲಿಲ್ಲ. ಮೇಷ್ಟ್ರು ಪ್ರಕಾಶನದ ಮ್ಯಾನೇಜರನ ಮುಂದೆ ಹೋಗಿ ನಿಂತರು.

“ಆ ಭಾಗ ಒಂದು ಬಂದುಬಿಡಲಿ ಸಾರ್. ನಾನು ಪುಕ್ಕಟೆ ಮಾಡಿಕೊಡ್ತೀನಿ.”

“ನಿಮ್ಮ ಕೆಲಸ ಪುಕ್ಕಟೆ ಆಗಬಹುದು, ಕಾಗದ ಪುಕ್ಕಟೆ ಆಗಲ್ವಲ್ಲ ಮೇಷ್ಟ್ರೇ.” ಮ್ಯಾನೇಜರ್ ಒಳ್ಳೆಯವನೇ, ಕುರ್ಚಿ ಕೊಟ್ಟ, ಟೀ ತರಿಸಿದ. “ಹಳೇ ಓದುಗರು ನಿಮ್ಮದನ್ನೇ ಕೇಳ್ತಾರೆ. ಹೊಸ ಓದುಗರು ಯಾವುದನ್ನೂ ಕೇಳಲ್ಲ. ನಾನೇನು ಮಾಡ್ಲಿ? ನೀವು ಹೂಂ ಅಂದ್ರೆ ಆ ಹಲ್ಲುನೋವಿನ ಕಥೇನೇ ಮತ್ತೆ ಅಚ್ಚು ಹಾಕೋಣ, ಅದು ಹೋಗುತ್ತೆ.”

ಮೇಷ್ಟ್ರು ಟೀ ಪೂರ್ತಿ ಕುಡಿಯದೆ ಎದ್ದು ಬಂದರು. ಹೂಂ ಅನ್ನಲಿಲ್ಲ. ಅವರ ಹೂಂ ಯಾರಿಗೆ ಬೇಕಿತ್ತು. ಆ ಪುಸ್ತಕದಲ್ಲಿ ಅವರ ಹೆಸರು ಎಲ್ಲೂ ಇರಲಿಲ್ಲವಲ್ಲ. ಕೆಲವು ತಿಂಗಳಲ್ಲಿ ಹಲ್ಲುನೋವಿನ ಪುಸ್ತಕ ಹೊಸ ರಕ್ಷಾಪುಟ ತೊಟ್ಟು ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗಾಡಿತು. ಒಂದಿಷ್ಟು ಖರ್ಚೂ ಆಯಿತು.

ಆಮೇಲೆ ಮೇಷ್ಟ್ರಿಗೆ ಸಿಕ್ಕ ಕೆಲಸ, ಮಿಕ್ಸಿ, ಫ್ಯಾನು, ನೀರಿನ ಪಂಪುಗಳ ಡಬ್ಬಿಯೊಳಗೆ ಇಡುವ ತಿಳಿವಳಿಕೆ ಹಾಳೆಗೆ ಮಾತು ಬರೆಯುವುದು. ‘ಒದ್ದೆ ಕೈಯಲ್ಲಿ ಮುಟ್ಟಬೇಡಿ.’ ‘ಮುಚ್ಚಳ ಭದ್ರವಾಗಿ ಹಾಕಿ.’ ಅದನ್ನೂ ಮೈಬಗ್ಗಿಸಿ ಮಾಡಿದರು. ಕನ್ನಡಕದ ನಂಬರು ಏರಿತು, ಬೆನ್ನು ಬಾಗಿತು. ಒಂದು ದಿನ ಕಂಪನಿಯವರು ಕರೆದು ಹೊಸ ಹಾಳೆ ತೋರಿಸಿದರು. ಅದರಲ್ಲಿ ಅಕ್ಷರವೇ ಇರಲಿಲ್ಲ. ಒಂದು ಕೈ, ಒಂದು ಪ್ಲಗ್ಗು, ಒಂದು ಬಾಣದ ಗುರುತು. ಎಲ್ಲ ದೇಶಕ್ಕೂ ಇದೊಂದೇ ಸಾಕಾಗುತ್ತದೆ, ಇನ್ನು ಮಾತಿಲ್ಲದೆಯೇ ನಡೆಯುತ್ತದೆ ಅಂದರು. ಬಾಕಿ ಚುಕ್ತಾ ಮಾಡಿ, ಒಂದು ಫ್ಯಾನನ್ನು ಉಡುಗೊರೆ ಕೊಟ್ಟು ಕಳಿಸಿದರು.

ಫ್ಯಾನಿನ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿದ ಮೇಷ್ಟ್ರನ್ನು ನೋಡಿ ಹೆಂಡತಿ, “ಇದ್ಯಾಕೆ ತಂದ್ರಿ?” ಅಂದಳು.

“ಕೊಟ್ರು. ನಾಳೆಯಿಂದ ಬರೋದು ಬೇಡ ಅಂದ್ರು.”

ಅವಳು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು, ಕಣ್ಣು ಹಿಡಿಯುತ್ತಿರಲಿಲ್ಲ. ಮೇಷ್ಟ್ರ ಕೈಗೆ ಕೊಟ್ಟಳು. ಅವರಿಗೂ ಆಗಲಿಲ್ಲ. ಇಬ್ಬರೂ ಕಿಟಕಿಯ ಬಳಿ ಹೋಗಿ ಮತ್ತೊಮ್ಮೆ ನೋಡಿದರು. ಬೆಳಕು ಆಗಲೇ ಇಳಿದಿತ್ತು.

“ಬಿಡಿ, ನಾಳೆ ಬೆಳಗ್ಗೆ ನೋಡೋಣ,” ಅಂದಳು ಅವಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅಡಿಗೆಗೆ ಎದ್ದಳು. ಮೇಷ್ಟ್ರು ಫ್ಯಾನಿನ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದರು.